ನಾನೂರು ಬಾಗಿಲು

ತಾನು ಸತ್ತುಹೋಗಿದ್ದೇನೆ ಎಂಬ ಸುದ್ದಿ ನಳಿನಾಕ್ಷಿಗೆ ಗೊತ್ತಾದದ್ದು ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದಾಗ. ಫೋನು ಮಾಡಿದವಳು ಜಯಶೀಲಾ. ಟೊರಾಂಟೊ ಸುತ್ತಿನ ತುಳುವರ ಕೂಟಗಳನ್ನೆಲ್ಲ ನಡೆಸುವವಳು ಅವಳೇ. ಸಾವು, ಮದುವೆ, ಮನೆ ಮಾರಾಟದ ಸುದ್ದಿಗಳೂ ಅವಳ ಕೈಯಿಂದಲೇ ಹಂಚಿಕೆಯಾಗುತ್ತಿದ್ದವು.

"ನಳಿನಾ, ನಿನ್ನ ದೀಕ್ಷಿತಾಳ ಹಾಡು ರೇಡಿಯೋದಲ್ಲಿ ಬಂತು ಮಾರಾಯ್ತಿ! ಕಾರಲ್ಲಿ ಕೇಳಿದೆ. ಎಂಥ ಸ್ವರ, ನಂಗೆ ಕಣ್ಣಲ್ಲಿ ನೀರೇ ಬಂತು."

"ಹೌದಾ," ಎಂದಳು ನಳಿನಾಕ್ಷಿ. ಮಗಳನ್ನು ಯಾರಾದರೂ ಹೊಗಳಿದರೆ ಅವಳ ಬಾಯಿಂದ ಇತ್ತೀಚೆಗೆ ಅಷ್ಟೇ ಹೊರಡುತ್ತಿತ್ತು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಅದ್ರಲ್ಲಿ ನೀನು ಸತ್ತಿದ್ದೀಯಲ್ಲ, ಯಾಕೆ?"

ನಳಿನಾಕ್ಷಿ ನಲ್ಲಿ ನಿಲ್ಲಿಸಿದಳು.

ದೀಕ್ಷಿತಾಳಿಗೆ ಇಪ್ಪತ್ತನಾಲ್ಕು. ಹಗಲು ಓಕ್‌ವಿಲ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟು, ಉಳಿದ ಹೊತ್ತು ಡೀ ಕೋಟ್ಯಾನ್ ಎಂಬ ಹೆಸರಿನ ಕಂಟ್ರಿ ಗಾಯಕಿ. ಕಂಟ್ರಿ ಅಂದರೆ ಗಿಟಾರು ಹಿಡಿದು, ಸ್ವರವನ್ನು ಮೂಗಿನಲ್ಲಿ ಒಂದಿಷ್ಟು ಎಳೆದು, ಟ್ರಕ್ಕು, ಹೊಲ, ಕುಡಿತ, ಅಪ್ಪ ಎಂದು ಕಥೆ ಹೇಳುವ ಹಾಡು. ಎಟೋಬಿಕೋಕ್‌ನ ಹಳೇ ಮನೆಯಲ್ಲಿ ಪುಂಡಿ-ಪುಳಿಮುಂಚಿ ತಿಂದು ಬೆಳೆದವಳಿಗೆ ಈ ಹುಚ್ಚು ಹಿಡಿಸಿದ್ದು ಶಾಲೆಯ ಬಸ್ಸಿನ ಡ್ರೈವರು. ಅವನ ರೇಡಿಯೋದಲ್ಲಿ ಬೇರೇನೂ ಬರುತ್ತಿರಲಿಲ್ಲ. ಅದಕ್ಕೆ ಮೊದಲು ನಳಿನಾಕ್ಷಿ ಅವಳನ್ನು ಆರು ವರ್ಷ ಪ್ರತಿ ಭಾನುವಾರ ರಿಚ್ಮಂಡ್ ಹಿಲ್‌ಗೆ ಕರೆದೊಯ್ದು ಸಂಗೀತ ಪಾಠಕ್ಕೆ ಕೂರಿಸಿದ್ದಳು. ಹದಿಮೂರನೇ ವಯಸ್ಸಿನಲ್ಲಿ ಮಗಳು ಕೂಟದ ವೇದಿಕೆ ಹತ್ತಿದಾಗ, ಎದುರು ಸಾಲಿನಲ್ಲಿ ಕೂತಿದ್ದ ತಾಯಿ ಕೈಯೆತ್ತಿ "ಶ್ರುತಿ, ಶ್ರುತಿ" ಎಂದು ಎಲ್ಲರೂ ನೋಡುವಂತೆ ತಿದ್ದಿದಳು. ಹುಡುಗಿ ಅರ್ಧಕ್ಕೇ ಇಳಿದುಬಂತು. ಆಮೇಲೆ ತಾಯಿಯ ಎದುರು ಹಾಡಲಿಲ್ಲ. ಅಪ್ಪ ಸುಧೀರ ಯಾರದ್ದೋ ಯಾರ್ಡ್ ಸೇಲಿನಲ್ಲಿ ಒಂದು ಗಿಟಾರು ತಂದುಕೊಟ್ಟ, ಅವಳು ಅದನ್ನು ಹಿಡಿದುಕೊಂಡು ಬೇಸ್‌ಮೆಂಟು ಸೇರಿದಳು.

ಈಗ ರೇಡಿಯೋದಲ್ಲಿ ಬರುತ್ತಿದ್ದ ಹಾಡಿನ ಹೆಸರು 'ಫೋರ್ ಹಂಡ್ರೆಡ್ ಡೋರ್ಸ್'. ಬೇಸ್‌ಮೆಂಟಿನಿಂದ ಅದರ ದನಿ ಕೇಳಿದಾಗೆಲ್ಲ ನಳಿನಾಕ್ಷಿ ಬೇಕೆಂದೇ ಮಿಕ್ಸಿ ಹಾಕುತ್ತಿದ್ದಳು, ಹಾಗಾಗಿ ಪೂರ್ತಿ ಕೇಳಿರಲಿಲ್ಲ. ಆ ದಿನ ಮೀನು ಬಿಟ್ಟು, ಕೈ ಒರೆಸಿ, ಫೋನಿನಲ್ಲಿ ಮೂರು ಸಲ ಕೇಳಿದಳು. ಅಪ್ಪ ಕಾರು ಕಾರ್ಖಾನೆಯಲ್ಲಿ ದಿನಕ್ಕೆ ನಾನೂರು ಬಾಗಿಲು ಕೂರಿಸುತ್ತಾನೆ. ಚಳಿಯಲ್ಲಿ ತಣ್ಣನೆಯ ಬ್ರೆಡ್ಡು ತಿನ್ನುತ್ತಾನೆ. ಅಮ್ಮ ಗುಡ್ಡದ ಮೇಲೆ ಕಲ್ಲಿನ ಕೆಳಗೆ ಮಲಗಿದ್ದಾಳೆ. ನಾನೂರು ಬಾಗಿಲು ಕೂರಿಸಿ ಬಂದವನಿಗೆ ಅವನದೇ ಮನೆಯ ಬಾಗಿಲು ತೆರೆಯುವವರು ಯಾರೂ ಇಲ್ಲ. ಹಾಡು ಅಲ್ಲಿಗೆ ಮುಗಿಯುತ್ತದೆ.

ಸಂಜೆ ಊಟಕ್ಕೆ ಎಲ್ಲರೂ ಕೂತರು. ಸುಧೀರ, ದೀಕ್ಷಿತಾ, ಮತ್ತು ಸುಧೀರನ ಅಪ್ಪ ಎಂಬತ್ತೊಂದರ ಅಂಗಾರಜ್ಜ. ಮನೆಮಾತು ತುಳುವಾದರೂ ಜಗಳಕ್ಕೆ ಕನ್ನಡವೇ ಸರಿಯೆಂದು ನಳಿನಾಕ್ಷಿಯ ಲೆಕ್ಕ. ಕನ್ನಡ ಸಂಘದ ತರಗತಿಯಲ್ಲಿ ಮಗಳಿಗೆ ತಾನೇ ಕಲಿಸಿದ್ದಳು, ಬೈದದ್ದು ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು.

"ನಾನು ಸತ್ತದ್ದು ಯಾವಾಗ?" ಎಂದು ಕೇಳಿದಳು, ಸಾರು ಬಡಿಸುತ್ತಾ.

ದೀಕ್ಷಿತಾ ತಲೆಯೆತ್ತಿದಳು. "ಓ ಗಾಡ್. ಅಮ್ಮ, ಇಟ್ಸ್ ಎ ಸಾಂಗ್. ಅದು ನೀನಲ್ಲ."

"ಅಪ್ಪ ಮಾತ್ರ ಇವರು. ಕಾರ್ಖಾನೆ ಇವರದ್ದು. ಬಾಗಿಲು ಇವರದ್ದು. ಅಮ್ಮ ಮಾತ್ರ ಯಾವುದೋ ಊರಿನವಳಾ?"

"ನಮ್ಮ ಬ್ಯಾಂಡಿನ ಕೋಡೀ ಜೊತೆ ಕೂತು ಬರೆದದ್ದು. ಅವ ಹೇಳಿದ, ಅಮ್ಮ ಮನೆಯಲ್ಲಿ ಬಾಗಿಲು ತೆಗೆದ್ರೆ ದೇರ್ ಇಸ್ ನೋ ಸಾಂಗ್. ಕೊನೇ ಲೈನು ನಿಲ್ಲೂದಿಲ್ಲ. ಹುಕ್ ಅಂದ್ರೆ ಹಾಗೆ ಅಮ್ಮ, ಕೇಳಿದವರನ್ನು ಹಿಡಿದು ನಿಲ್ಲಿಸ್ಬೇಕು."

"ಇಪ್ಪತ್ತು ವರ್ಷ ಇವರಿಗೆ ಆಫ್ಟರ್‌ನೂನ್ ಶಿಫ್ಟು ಇತ್ತು, ಡೇ ಶಿಫ್ಟು ಸಿಕ್ಕಿದ್ದು ಈಗ. ರಾತ್ರಿ ಎರಡೂವರೆಗೆ ಎದ್ದು ಚೈನು ತೆಗೆದು ಬಾಗಿಲು ತೆರೆದವಳು ಯಾರು? ತಣ್ಣನೆ ಬ್ರೆಡ್ಡಂತೆ! ಒಂದು ದಿನ ಬ್ರೆಡ್ಡು ಕೊಟ್ಟು ಕಳಿಸಿದ್ದೇನಾ?"

"ಬ್ರೆಡ್ಡು ತಿಂದದ್ದಿಲ್ಲ, ಅದು ಸುಳ್ಳು," ಎಂದು ಅಂಗಾರಜ್ಜ ಸಾಕ್ಷಿ ನುಡಿದರು.

ಸುಧೀರ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದ. ಅವನು ಅಷ್ಟು ಹುಷಾರಾಗಿ ಮುಳ್ಳು ಬಿಡಿಸಿದ್ದನ್ನು ನಳಿನಾಕ್ಷಿ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಹಾಡು ಒಳ್ಳೇದುಂಟಲ್ಲ ಮಾರಾಯ್ತಿ."

"ಗೊತ್ತಿತ್ತಾ ಇಲ್ವಾ?"

"ಪಪ್ಪನಿಗೆ ಫಸ್ಟ್ ಕೇಳಿಸಿದ್ದು," ಎಂದಳು ದೀಕ್ಷಿತಾ. ಅವಳ ಕಂಠದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಪಪ್ಪ ಅತ್ರು. ಅದಕ್ಕೇ ರೆಕಾರ್ಡ್ ಮಾಡಿದ್ದು."

ಆ ಮಾತು ಹೋಗಿ ನಾಟಿದ್ದು ಬೇರೆಲ್ಲೋ. ಸಾವಿನ ಅಪಶಕುನವೆಲ್ಲ ನಳಿನಾಕ್ಷಿಗೆ ದೊಡ್ಡದಾಗಿರಲಿಲ್ಲ. ಅವಳಿಗೆ ಬೇರೆಯದೇ ಒಂದು ಉರಿಯಿತ್ತು, ಎರಡು ವರ್ಷದಿಂದ ಇತ್ತು. ಹದಿನೆಂಟು ವರ್ಷ ಅವಳು ತುಳುವರ ಪ್ರತಿ ಕೂಟದಲ್ಲಿ ಹಾಡಿದವಳು. ಹಾಡುವುದು ಪ್ರಾರ್ಥನೆ, ಅಂದರೆ ಜನ ಇನ್ನೂ ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುವ ಹೊತ್ತು. ಆ ಹದಿನೆಂಟು ವರ್ಷದಲ್ಲಿ ಸುಧೀರ ಒಮ್ಮೆಯೂ ಕೂತು ಕೇಳಲಿಲ್ಲ. ಶನಿವಾರ ಅಂದರೆ ಓವರ್‌ಟೈಮು. ಓವರ್‌ಟೈಮು ಇಲ್ಲದ ದಿನ ಹಾಲಿನ ಹೊರಗೆ ಗಂಡಸರ ಜೊತೆ ಹರಟೆ. ಹಿತ್ತಲ ಗಿಡ ಮದ್ದಲ್ಲ ಎಂದು ಅವಳು ಸುಮ್ಮನಿದ್ದಳು. ಆದರೆ ಮಗಳು ಗಿಟಾರು ಹಿಡಿದು ಹೊರಟ ಮೇಲೆ ಅದೇ ಮನುಷ್ಯ ಶನಿವಾರದ ಓವರ್‌ಟೈಮು ಬಿಟ್ಟ. ಎರಡು ಗಂಟೆ ದೂರದ ಊರುಗಳಿಗೆ ಕಾರು ಓಡಿಸಿದ. ಸ್ಪೀಕರು ಹೊತ್ತ, ವೈರು ಸುತ್ತಿದ, ತಲೆಗೊಂದು ಕೌಬಾಯ್ ಟೋಪಿಯನ್ನೂ ಕೊಂಡುಕೊಂಡ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ ಎಂದು ಯಾರಾದರೂ ಕೇಳಬಹುದು. ಉಂಟು. ನಳಿನಾಕ್ಷಿಗೆ ಉಂಟಾಗಿತ್ತು, ಅವಳಿಗೇ ಅದು ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆ ತಣ್ಣಗಿತ್ತು.

"ಚಾ ಆಗ್ಲಿಲ್ವಾ?" ಎಂದು ಸುಧೀರ ಕೇಳಿದ.

ನಳಿನಾಕ್ಷಿ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. "ಸತ್ತವರು ಅಡುಗೆ ಮಾಡೂದಿಲ್ಲ. ಸತ್ತವರಿಗೆ ಬಡಿಸೂದು. ನಿಮ್ಮ ಊರಲ್ಲಿ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸ್ತಾರಲ್ಲ, ಹಾಗೆ ಬಡಿಸಿ. ಬಂದು ಉಣ್ತೇನೆ."

"ತಮಾಷೆ ಸಾಕು ಮಾರಾಯ್ತಿ, ಶಿಫ್ಟಿಗೆ ಲೇಟಾಗ್ತದೆ."

"ದಾರಿಯಲ್ಲಿ ತಣ್ಣನೆ ಬ್ರೆಡ್ಡು ಸಿಗ್ತದೆ. ತಿನ್ನಿ."

ನಾಲ್ಕೈದು ದಿನ ಹಾಗೇ ನಡೆಯಿತು. ಬಟ್ಟೆ ಬುಟ್ಟಿ ತುಂಬಿ ನೆಲಕ್ಕೆ ಬಂತು. ದೀಕ್ಷಿತಾ ಎರಡು ದಿನ ಪಿಜ್ಜಾ ತರಿಸಿದಳು, ಮೂರನೇ ದಿನ ಪಾಸ್ತಾ ಬೇಯಿಸಿ ಅಜ್ಜನ ಎದುರು ಇಟ್ಟಳು. ಅಂಗಾರಜ್ಜ ಅದನ್ನು ಬೆರಳಲ್ಲಿ ಎತ್ತಿ ನೋಡಿ, "ಇದು ಬೆಂದದ್ದಾ, ಬೇಯ್ಲಿಕ್ಕುಂಟಾ?" ಎಂದರು. ನಾಲ್ಕನೇ ದಿನ ಸೊಸೆಯ ಹತ್ತಿರ ಬಂದು, "ಸತ್ತವಳು ಒಂದು ಚಾ ಆದ್ರೂ ಮಾಡಬಹುದಿತ್ತು ಮಗಾ," ಎಂದರು. ಅವಳಿಗೆ ನಗು ಬಂತು, ಆದರೆ ಏಳಲಿಲ್ಲ.

ಐದನೇ ದಿನ ಮುದುಕ ತಾನೇ ಕುಚ್ಚಲಕ್ಕಿ ಗಂಜಿಗೆ ಇಟ್ಟರು. ತಳ ಹಿಡಿದು ಮನೆಯೆಲ್ಲ ಹೊಗೆ; ಅಲಾರ್ಮು ಬಡಿದುಕೊಂಡಿತು. ಅದರ ನಡುವೆಯೇ ಒಂದು ಬಟ್ಟಲು ತೋಡಿ, ಉಪ್ಪಿನಕಾಯಿ ಇಟ್ಟು ತಂದು ಅವಳ ಮುಂದಿಟ್ಟರು. "ಬಡಿಸಿದ್ದೇನೆ. ಉಣ್ಣು. ಉಂಡು, ಎಂತ ಬೇಕು ಅಂತ ಸರಿಯಾಗಿ ಹೇಳು. ಹಾಡು ಬದಲಿಸ್ಬೇಕಾ?"

"ಬದಲಿಸ್ಲಿಕ್ಕಾಗೂದಿಲ್ಲ ಅಜ್ಜ, ಇಟ್ಸ್ ಔಟ್," ಎಂದಳು ದೀಕ್ಷಿತಾ, ಅಲಾರ್ಮಿಗೆ ಟವೆಲು ಬೀಸುತ್ತಾ. "ಐ ಟ್ರೈಡ್. ಅಮ್ಮ ಬಾಗಿಲು ತೆಗೆಯುವ ಹಾಗೆ ಹಾಡಿ ನೋಡಿದೆ. ಇಟ್ ಜಸ್ಟ್ ಡೈಸ್."

"ಅಂದ್ರೆ ನಾನು ಸಾಯ್ಬೇಕು, ಇಲ್ಲಾ ಹಾಡು ಸಾಯ್ಬೇಕು," ಎಂದಳು ನಳಿನಾಕ್ಷಿ. ಬಟ್ಟಲು ಕೈಗೆ ತೆಗೆದುಕೊಂಡಳು. ಗಂಜಿ ಸೀದಿತ್ತು, ಆದರೂ ಉಂಡಳು. "ನನಗೆ ಹಾಡು ಬದಲಿಸೂದು ಬೇಡ. ಅಕ್ಟೋಬರಿನಲ್ಲಿ ದೀಪಾವಳಿ ಕೂಟ ಉಂಟು. ಜಯಶೀಲಾ ಈ ಸಲ ಪ್ರಾರ್ಥನೆ ಅಲ್ಲ, ಊಟಕ್ಕೆ ಮೊದಲು ಹದಿನೈದು ನಿಮಿಷ ಕೊಟ್ಟಿದ್ದಾಳೆ, ನನಗೊಬ್ಬಳಿಗೆ. ಇವರು ಬಂದು ಎದುರು ಸಾಲಿನಲ್ಲಿ ಕೂತು ಕೇಳ್ಬೇಕು. ಒಂದು ಸಲ. ಅಷ್ಟೇ."

"ಇಷ್ಟಕ್ಕಾ!" ಎಂದ ಸುಧೀರ. "ಬರ್ತೇನೆ ಮಾರಾಯ್ತಿ. ದೇವರಾಣೆ ಬರ್ತೇನೆ."

ಅಂದು ರಾತ್ರಿ ನೀರ್ ದೋಸೆ ಆಯಿತು. ಅಂಗಾರಜ್ಜ ಹನ್ನೊಂದು ತಿಂದರು.

ಹಾಡು ಬೆಳೆಯಿತು. ಹಳ್ಳಿಗಾಡಿನ ಸಂತೆ-ಜಾತ್ರೆಗಳಿಂದ ಕರೆ ಬಂತು. ಮೊದಲೆಲ್ಲ ದೀಕ್ಷಿತಾ ಬಾರುಗಳಲ್ಲಿ ಓಪನ್ ಮೈಕಿಗೆ ಹೆಸರು ಬರೆಸಿ ಸರದಿ ಕಾಯುತ್ತಿದ್ದಳು. ಒಬ್ಬ ಏಜೆಂಟು "ನಿನ್ನನ್ನು ನೋಡಿದರೆ ಕಂಟ್ರಿ ಅನ್ನಿಸುವುದಿಲ್ಲ" ಎಂದು ಮುಖಕ್ಕೇ ಹೇಳಿ ಕಳಿಸಿದ್ದ. ಅವಳು ಮನೆಗೆ ಬಂದು ಅಪ್ಪನ ಹತ್ತಿರ ಅತ್ತದ್ದು ನಳಿನಾಕ್ಷಿಗೆ ಗೊತ್ತಾಗಿದ್ದು ಒಂದು ತಿಂಗಳ ಮೇಲೆ. ಈಗ ಆ ಏಜೆಂಟೇ ಫೋನು ಮಾಡುತ್ತಿದ್ದ. ಹಾಡು ಮುಗಿದ ಮೇಲೆ ದೀಕ್ಷಿತಾ "ಆ ಅಪ್ಪ ಇಲ್ಲೇ ಇದ್ದಾರೆ" ಎಂದು ತೋರಿಸುವುದು, ಸುಧೀರ ಟೋಪಿ ತೆಗೆಯುವುದು, ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದು, ಇದೊಂದು ಪದ್ಧತಿಯೇ ಆಗಿಬಿಟ್ಟಿತ್ತು.

ಆಗಸ್ಟಿನಲ್ಲಿ ನಳಿನಾಕ್ಷಿಯೂ ಒಂದು ಜಾತ್ರೆಗೆ ಹೊರಟಳು. ಟೀ ಶರ್ಟು ಮಾರುವ ಹುಡುಗಿ ಕೈಕೊಟ್ಟಿದ್ದಳು. ಕಾರಿನ ಮುಂದಿನ ಸೀಟಿನಲ್ಲಿ ಮಗಳು. ಹಿಂದಿನ ಸೀಟಿನಲ್ಲಿ ಗಿಟಾರು, ಶರ್ಟಿನ ಡಬ್ಬ, ಅವುಗಳ ನಡುವೆ ನಳಿನಾಕ್ಷಿ.

"ಅಮ್ಮ, ಆರ್ ಯೂ ಓಕೆ ದೇರ್?"

"ಸತ್ತವರಿಗೆ ಎಷ್ಟು ಜಾಗ ಬೇಕು?"

"ಸ್ಟಾಪ್ ಇಟ್, ಅಮ್ಮ," ಎಂದಳು ಮಗಳು. ಸುಧೀರ ರೇಡಿಯೋ ಜೋರು ಮಾಡಿದ.

ಜಾತ್ರೆಯಲ್ಲಿ ಕುದುರೆ, ಹೋರಿ, ಜೋಳದ ತೆನೆಯ ಹೊಗೆ. ವೇದಿಕೆಯ ಪಕ್ಕದ ಮೇಜಿನಲ್ಲಿ ನಳಿನಾಕ್ಷಿ ಶರ್ಟು ಮಡಚುತ್ತಾ ಮಗಳ ಹಾಡು ಕೇಳಿದಳು. ಇಷ್ಟು ಹತ್ತಿರದಿಂದ, ಮಿಕ್ಸಿಯಿಲ್ಲದೆ, ಮೊದಲ ಸಲ. ಶ್ರುತಿ ಒಂದಿಷ್ಟೂ ಆಚೀಚೆ ಇಲ್ಲ. ರಿಚ್ಮಂಡ್ ಹಿಲ್‌ನ ಆರು ವರ್ಷ ಎಲ್ಲಿಗೂ ಹೋಗಿಲ್ಲ ಎಂದು ಅವಳಿಗೆ ತಿಳಿಯಿತು. ಖುಷಿಯಾಗಬೇಕಿತ್ತು, ಒಂದು ಕ್ಷಣ ಆಯಿತು ಕೂಡ. ಆಗ ಅಮ್ಮ ಗುಡ್ಡದ ಮೇಲೆ ಮಲಗಿರುವ ಸಾಲು ಬಂತು. ನಳಿನಾಕ್ಷಿ ಗಂಡನ ಮುಖ ನೋಡಿದಳು. ಸುಧೀರ ಟೋಪಿ ಎದೆಗೆ ಒತ್ತಿ ಹಿಡಿದು, ನಾಚಿಕೆಯಿಲ್ಲದೆ ಅಳುತ್ತಿದ್ದ.

ಹಾಡು ಮುಗಿದು ಜನ ಮೇಜಿಗೆ ಬಂದರು. ನರೆತ ತಲೆಯ ಒಬ್ಬ ಬಿಳಿ ಹೆಂಗಸು ಸುಧೀರನ ಎರಡೂ ಕೈ ಹಿಡಿದುಕೊಂಡಳು. "ಸೋ ಸಾರಿ ಎಬೌಟ್ ಯುವರ್ ವೈಫ್, ಹನಿ."

ಸುಧೀರ ತಲೆ ತಗ್ಗಿಸಿದ. "ಥ್ಯಾಂಕ್ಯೂ," ಎಂದ.

ನಳಿನಾಕ್ಷಿ ಅವನಿಂದ ಒಂದು ಮೊಳ ದೂರದಲ್ಲಿ, ಮೀಡಿಯಂ ಸೈಜಿನ ಶರ್ಟು ಹಿಡಿದು ನಿಂತಿದ್ದಳು. ಹೆಂಗಸು ಇವಳತ್ತ ತಿರುಗಿ, "ಎಂಡ್ ಯೂ ಆರ್...?" ಎಂದಳು.

"ಸೆಕೆಂಡ್ ವೈಫ್," ಎಂದಳು ನಳಿನಾಕ್ಷಿ.

"ಓ, ಬ್ಲೆಸ್ ಯೂ," ಎಂದು ಹೆಂಗಸು ಅವಳ ಭುಜ ತಟ್ಟಿದಳು. ಮೊದಲನೆಯವಳು ಎಂಥ ಪುಣ್ಯವಂತೆ, ಇಂಥ ಗಂಡ ಇವತ್ತಿಗೂ ಅಳುತ್ತಾನಲ್ಲ, ನೀನು ಅವಳ ನೆನಪಿಗೆ ಅಡ್ಡ ಬರದೆ ನಡೆದುಕೊಳ್ಳುತ್ತಿರುವುದು ದೊಡ್ಡ ಗುಣ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿ ಎರಡು ಶರ್ಟು ಕೊಂಡು ಹೋದಳು.

ವಾಪಸು ಬರುವಾಗ ದೀಕ್ಷಿತಾ ನಕ್ಕು ನಕ್ಕು ಸುಸ್ತಾದಳು. "ಸೆಕೆಂಡ್ ವೈಫ್! ಅಮ್ಮ, ದಟ್ಸ್ ಎ ಸಾಂಗ್!"

"ಬರೆದುಬಿಡು. ಅದ್ರಲ್ಲಿ ಇವಳನ್ನೂ ಕೊಲ್ಲು."

"ಬಾಯಿಗೆ ಬಂದ ಹಾಗೆ ಹೇಳಿದ್ದು ನೀನು," ಎಂದ ಸುಧೀರ. "ಆ ಹೆಂಗಸು ಎಂತ ಗ್ರಹಿಸ್ಲಿಕ್ಕಿಲ್ಲ?"

"ನೀವು ಥ್ಯಾಂಕ್ಯೂ ಹೇಳಿದ್ದಕ್ಕೆ ನಾನು ಹೇಳಿದ್ದು. ಪಕ್ಕದಲ್ಲೇ ಇದ್ದೆ. ಇವಳೇ ನನ್ನ ಹೆಂಡತಿ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ?"

"ಹಾಡು ಹಾಳಾಗ್ತದಲ್ಲ," ಎಂದ ಸುಧೀರ, ಮೆಲ್ಲಗೆ.

ಅಲ್ಲಿಯವರೆಗೆ ನಳಿನಾಕ್ಷಿಯ ಸಿಟ್ಟು ಮಗಳ ಮೇಲಿತ್ತು. ಅಂದಿನಿಂದ ಅದು ಆ ಸತ್ತವಳ ಮೇಲೆ ತಿರುಗಿತು. ಅಡುಗೆ ಮಾಡದ, ಚೈನು ತೆಗೆಯದ, ಗುಡ್ಡದ ಮೇಲೆ ಹಾಯಾಗಿ ಮಲಗಿಕೊಂಡು ಗಂಡನ ಕಣ್ಣೀರು ವಸೂಲು ಮಾಡುವ ಆ ಹೆಂಗಸಿನ ಮೇಲೆ. ಮನೆಗೆ ಬಂದು ಮಾವನಿಗೆ ನಡೆದದ್ದನ್ನು ಹೇಳಿದಳು.

ಅಂಗಾರಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಮಗಾ," ಎಂದರು. "ನನ್ನ ಹೆಂಡತಿ ಬದುಕಿದ್ದಾಗ ನಾನೂ ಅಷ್ಟೇ. ಒಂದು ಸೇರೂ ಕಾಣ್ಲಿಲ್ಲ."

ಅಕ್ಟೋಬರಿನ ಕೂಟಕ್ಕೆ ಎರಡು ವಾರ ಇರುವಾಗ ಏಜೆಂಟಿನ ಫೋನು ಬಂತು. ಲಂಡನ್ನಿನಲ್ಲಿ, ಅಂದರೆ ಇಲ್ಲೇ ಎರಡು ಗಂಟೆ ದಾರಿಯ ಒಂಟೇರಿಯೋದ ಲಂಡನ್ನಿನಲ್ಲಿ, ದೊಡ್ಡ ಹಾಲು. ರೆಕಾರ್ಡ್ ಕಂಪನಿಯವರು ಬರುತ್ತಾರೆ. ಕೇಳಿ ಒಪ್ಪಿದರೆ ಚಳಿಗಾಲದ ಟೂರಿನಲ್ಲಿ ಜಾಗ. ದಿನ ಯಾವುದು ಅಂದರೆ ದೀಪಾವಳಿ ಕೂಟದ ಶನಿವಾರವೇ, ಸಂಜೆಯೇ.

"ಪಪ್ಪ ಬರ್ಬೇಕು," ಎಂದಳು ದೀಕ್ಷಿತಾ. "ಲಾಸ್ಟಿಗೆ ಪಪ್ಪ ಎದ್ದು ನಿಲ್ಲದಿದ್ರೆ ಇಟ್ಸ್ ನಾಟ್ ದ ಸೇಮ್. ಅಮ್ಮ, ನಿನ್ನ ಕೂಟ ಪ್ರತಿ ವರ್ಷ ಬರ್ತದೆ. ಇದು ಒಂದೇ ಸಲ."

"ನನ್ನದೂ ಒಂದೇ ಸಲ," ಎಂದಳು ನಳಿನಾಕ್ಷಿ. "ಹದಿನೆಂಟು ವರ್ಷಕ್ಕೆ ಒಂದು ಸಲ."

"ಯೂ ಜಸ್ಟ್ ಕಾಂಟ್ ಸ್ಟ್ಯಾಂಡ್ ಇಟ್! ಹದಿಮೂರು ವರ್ಷ ಆಗಿದ್ದಾಗ್ಲೂ ಸ್ಟೇಜಿನಿಂದ ಇಳಿಸಿದಿ, ಈಗ್ಲೂ ಅದೇ. ಯಾರಾದ್ರೂ ನನ್ನನ್ನು ನೋಡಿದ್ರೆ ನಿಂಗೆ ಆಗೂದಿಲ್ಲ."

"ಹೌದು, ಆಗೂದಿಲ್ಲ," ಎಂದಳು ನಳಿನಾಕ್ಷಿ. ಹೇಳಿ ಆದ ಮೇಲೆ ಅವಳಿಗೇ ಭಯವಾಯಿತು. "ಇವರು ನಿನ್ನನ್ನು ನೋಡುವ ಹಾಗೆ ನನ್ನನ್ನು ಒಂದು ದಿನ ನೋಡಿದ್ರೆ ಆಗ್ತಿತ್ತು."

ಎಲ್ಲರೂ ಸುಧೀರನತ್ತ ನೋಡಿದರು. ಸುಧೀರ ತನ್ನ ಅಪ್ಪನತ್ತ ನೋಡಿದ.

"ಮಾತು ಕೊಟ್ಟಾಗಿದೆ," ಎಂದರು ಅಂಗಾರಜ್ಜ. "ದೇವರಾಣೆ ಅಂದದ್ದು ನನ್ನ ಕಿವಿಯಲ್ಲೇ ಬಿದ್ದಿದೆ."

"ಕೂಟಕ್ಕೇ ಹೋಗ್ತೇನೆ," ಎಂದ ಸುಧೀರ. ದೀಕ್ಷಿತಾ ತಟ್ಟೆ ಬಿಟ್ಟು ಬೇಸ್‌ಮೆಂಟಿಗೆ ಇಳಿದುಹೋದಳು. ನಳಿನಾಕ್ಷಿ ಗೆದ್ದಿದ್ದಳು. ಮಗಳು ಬಿಟ್ಟುಹೋದ ತಟ್ಟೆಯನ್ನು ತಾನೇ ಎತ್ತಿ ತೊಳೆದಳು, ಆದರೂ ಗೆದ್ದದ್ದು ಗೆದ್ದದ್ದೇ.

ಆ ಶನಿವಾರ ದೀಕ್ಷಿತಾ ಡ್ರಮ್ಮಿನವನ ವ್ಯಾನಿನಲ್ಲಿ ಹೋದಳು. ಹೊರಡುವಾಗ ತಾಯಿ ಡಬ್ಬಿಯಲ್ಲಿ ಪುಂಡಿ ಕಟ್ಟಿ ಕೊಟ್ಟಳು. ಮಗಳು ಮುಖ ನೋಡದೆ ತೆಗೆದುಕೊಂಡಳು.

ಕೂಟ ಎಟೋಬಿಕೋಕ್‌ನ ಒಂದು ಬಾಡಿಗೆ ಹಾಲಿನಲ್ಲಿ. ಮಕ್ಕಳ ಕುಣಿತ, ಭಾಷಣ, ಬಹುಮಾನ ಎಲ್ಲ ಮುಗಿದು ನಳಿನಾಕ್ಷಿಯ ಸರದಿ ಬರುವಾಗ ಎಂಟು ಗಂಟೆ. ಹಸಿರು ಸೀರೆ ಉಟ್ಟಿದ್ದಳು. ಹಾಲು ತುಂಬಿತ್ತು, ಹಿಂದಿನಿಂದ ಕೋಳಿ ಸುಕ್ಕದ ವಾಸನೆ ಬರುತ್ತಿತ್ತು. ಎದುರು ಸಾಲಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸುಧೀರ, ಅವನ ಎಡಕ್ಕೆ ಅಂಗಾರಜ್ಜ. ಟೋಪಿ ಇರಲಿಲ್ಲ. ಅವಳು ತನ್ನ ತಾಯಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡುತ್ತಿದ್ದ ಓಬೇಲೆ ಹಾಡು ಎತ್ತಿಕೊಂಡಳು.

ಎರಡನೇ ನುಡಿಗೆ ಬರುವಾಗ ನೋಡಿದಳು. ಸುಧೀರ ಬಲಗೈಯನ್ನು ಕಿವಿಗೆ ಆನಿಸಿ, ತಲೆ ಬಗ್ಗಿಸಿ ಕೂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ನಳಿನಾಕ್ಷಿಯ ಸ್ವರ ಬಿಚ್ಚಿಕೊಂಡಿತು. ಅವಳು ಅಷ್ಟು ಚೆನ್ನಾಗಿ ಮತ್ತೆಂದೂ ಹಾಡಲಿಲ್ಲ, ಮೊದಲೂ ಹಾಡಿರಲಿಲ್ಲ. ಬಿಟ್ಟುಬಿಡಬೇಕೆಂದಿದ್ದ ಎರಡು ನುಡಿಗಳನ್ನೂ ಹಾಡಿದಳು. ಮಕ್ಕಳು ಓಡಾಡುವುದನ್ನು ನಿಲ್ಲಿಸಿದವು. ಮುಗಿದಾಗ ಹಾಲಿಗೆ ಹಾಲೇ ಎದ್ದು ನಿಂತಿತು.

"ನಳಿನಾ, ಸುಧೀರ ಭಾವ ಅತ್ತದ್ದು ನೋಡಿದಿಯಾ?" ಎಂದು ಜಯಶೀಲಾ ಮೆಟ್ಟಿಲಲ್ಲೇ ಅವಳನ್ನು ಅಪ್ಪಿಕೊಂಡಳು. "ಎಲ್ಲರೂ ನೋಡಿದ್ರು ಮಾರಾಯ್ತಿ!"

"ನೋಡಿದೆ, ನೋಡಿದೆ," ಎಂದಳು ನಳಿನಾಕ್ಷಿ. ನೆರಿಗೆ ಎತ್ತಿ ಹಿಡಿದು, ಮದುಮಗಳ ಹಾಗೆ ಮುಖ ಕೆಂಪು ಮಾಡಿಕೊಂಡು ಗಂಡನ ಹತ್ತಿರ ಬಂದಳು.

ಎಲ್ಲರೂ ಎದ್ದಿದ್ದರೂ ಸುಧೀರ ಇನ್ನೂ ಕೂತೇ ಇದ್ದ. ತೊಡೆಯ ಮೇಲೆ ಫೋನು. ಅದರಲ್ಲಿ ದೀಕ್ಷಿತಾ, ಬೆರಳಷ್ಟು ಗಾತ್ರದವಳು, ಗಿಟಾರು ಹಿಡಿದು ದೀಪದ ಕೆಳಗೆ ನಿಂತಿದ್ದಳು. ಯಾರೋ ಲೈವ್ ಹಾಕಿದ್ದರು. ಬಲಗಿವಿಯಲ್ಲಿ ಇಯರ್‌ಫೋನು. ಇನ್ನೊಂದು ತುದಿ ಶರ್ಟಿನ ಮೇಲೆ ನೇತಾಡುತ್ತಿತ್ತು.

ನಳಿನಾಕ್ಷಿ ಆ ತುದಿ ಎತ್ತಿ ತನ್ನ ಕಿವಿಗೆ ಇಟ್ಟುಕೊಂಡಳು. ಅಲ್ಲೂ ಚಪ್ಪಾಳೆ.

ಸುಧೀರ ಗಾಬರಿಯಿಂದ ಎದ್ದ. "ನಿನ್ನದೂ ಅವಳದ್ದೂ ಒಂದೇ ಟೈಮಿಗೆ ಶುರು ಆಯ್ತು ಮಾರಾಯ್ತಿ. ಕಂಪನಿಯವರು ಬಂದಿದ್ದಾರಲ್ಲ, ಮನಸ್ಸು ನಿಲ್ಲಲಿಲ್ಲ. ಒಂದು ಕಿವಿಯಲ್ಲಿ ನಿನ್ನದೇ ಕೇಳ್ತಾ ಇದ್ದೆ."

"ಅತ್ತದ್ದು ಯಾವ ಕಿವಿಗೆ?"

ಅಂಗಾರಜ್ಜ ಮುಖ ಬೇರೆ ಕಡೆಗೆ ತಿರುಗಿಸಿದರು.

"ಆ ಹಾಡು ನಿನ್ನದೇ ಅಲ್ವಾ," ಎಂದ ಸುಧೀರ, ಸ್ವರ ತಗ್ಗಿಸಿ. "ನೀನು ಇಲ್ಲದಿದ್ರೆ ನನ್ನ ಗತಿ ಎಂತ ಅಂತ ಅಳು ಬರ್ತದೆ. ನಿನ್ನನ್ನೇ ನೆನೆಸಿ ಅತ್ತದ್ದು."

"ನೆನೆಸ್ಲಿಕ್ಕೆ ಎಂತಕ್ಕೆ?" ಎಂದಳು ನಳಿನಾಕ್ಷಿ. "ನಾನು ಎದುರಿಗೇ ಇದ್ದೆನಲ್ಲ, ಹಾಡ್ತಾ."

ಇಯರ್‌ಫೋನನ್ನು ಅವನ ಅಂಗೈಯಲ್ಲಿಟ್ಟಳು. ಊಟದ ಸಾಲು ಆಗಲೇ ಬೆಳೆದಿತ್ತು. ಅವಳು ಹೋಗಿ ಎರಡು ತಟ್ಟೆ ತೆಗೆದುಕೊಂಡಳು, ಮಾವನಿಗೊಂದು, ತನಗೊಂದು.